ಬೆನ್ನು ಎಷ್ಟು ನೆಟ್ಟಗಾಗಬೇಕು?

ಓದುಗರ ಪ್ರಶ್ನೆ, ತಜ್ಞರ ಉತ್ತರ: ಬೆನ್ನುಮೂಳೆಯ ವಕ್ರತೆ ಮತ್ತು ಶಸ್ತ್ರಚಿಕಿತ್ಸೆ

ಪ್ರಶ್ನೆ: ಮಗಳಿಗೆ 13 ವರ್ಷ. ಹಬ್ಬಕ್ಕೆ ರವಿಕೆ ಹೊಲಿಸಲು ಹೋದಾಗ ಒಂದು ಭುಜ ಮೇಲಿದೆ ಎಂದು ಟೈಲರ್ ಹೇಳಿದ ಮೇಲೆಯೇ ನಮಗೆ ಗೊತ್ತಾದದ್ದು. ಎಕ್ಸ್‌ರೇಯಲ್ಲಿ 52 ಡಿಗ್ರಿ ಬಂದಿದೆ, ಆಪರೇಷನ್ ಬೇಕು ಎನ್ನುತ್ತಾರೆ. ಮುಟ್ಟು ಶುರುವಾಗಿ ಆರು ತಿಂಗಳಾಗಿದೆ. ಬೆಲ್ಟಿನಲ್ಲೋ ಯೋಗದಲ್ಲೋ ಸರಿಹೋಗುವುದಿಲ್ಲವೇ? ಸ್ಕೂಲ್ ಬ್ಯಾಗಿನ ಭಾರದಿಂದ ಹೀಗಾಯಿತೇ?
(ಒಬ್ಬ ತಾಯಿ, ಶಿರಸಿ)

ಉತ್ತರ: ಬ್ಯಾಗಿನ ತಪ್ಪೇನಿಲ್ಲ, ಕೂರುವ ಭಂಗಿಯದೂ ಅಲ್ಲ. ಹತ್ತು ವರ್ಷ ದಾಟಿದ ಮಕ್ಕಳಲ್ಲಿ ಕಾಣುವ, ಬೆನ್ನುಮೂಳೆ ಪಕ್ಕಕ್ಕೆ ಬಾಗುವ ಈ ಬಗೆಯ ಸ್ಕೋಲಿಯೋಸಿಸ್‌ಗೆ ನಿಖರ ಕಾರಣ ಇನ್ನೂ ಸಿಕ್ಕಿಲ್ಲ. ಮನೆತನದಲ್ಲಿ ಹರಿದು ಬರುವ ಪ್ರವೃತ್ತಿ ಇದೆ, ಅದಕ್ಕೇ ತಂಗಿ ತಮ್ಮಂದಿರಿದ್ದರೆ ಅವರ ಬೆನ್ನನ್ನೂ ಒಮ್ಮೆ ನೋಡಿಬಿಡಿ. ಕಾಲು ಜೋಡಿಸಿ, ಮಂಡಿ ಮಡಿಸದೆ ಮುಂದಕ್ಕೆ ಬಾಗಿಸಿ ಹಿಂದಿನಿಂದ ನೋಡಿದರೆ, ಒಂದು ಪಕ್ಕದ ಪಕ್ಕೆಲುಬು ಉಬ್ಬಿದ್ದರೆ ಕಾಣುತ್ತದೆ.

ಡಿಗ್ರಿ ಎಂದರೆ ಕಾಬ್ ಕೋನ. ಬಾಗಿನ ಮೇಲ್ತುದಿಯಲ್ಲೂ ಕೆಳತುದಿಯಲ್ಲೂ ಅತಿ ಹೆಚ್ಚು ಓರೆಯಾದ ಕಶೇರುಮಣಿಗಳಿಗೆ ಗೆರೆ ಎಳೆದು ಅಳೆಯುವುದು. ಅಳೆಯುವವರ ಕೈಯಲ್ಲೇ ಐದು ಡಿಗ್ರಿ ಆಚೀಚೆ ಆಗುವುದರಿಂದ 48 ಇದ್ದದ್ದು 52 ಆಯಿತೆಂದು ರಾತ್ರಿ ನಿದ್ದೆಗೆಡಬೇಕಿಲ್ಲ. ಡಿಗ್ರಿಯಷ್ಟೇ ಮುಖ್ಯವಾದದ್ದು, ಇನ್ನೆಷ್ಟು ಬೆಳವಣಿಗೆ ಬಾಕಿ ಇದೆ ಎಂಬುದು. ಹುಡುಗಿಯರು ಅತಿ ವೇಗವಾಗಿ ಬೆಳೆಯುವುದು ಮುಟ್ಟು ಶುರುವಾಗುವ ಮುಂಚೆ. ಆಮೇಲೂ ಸುಮಾರು ಎರಡು ವರ್ಷ ನಿಧಾನವಾಗಿ ಬೆಳೆಯುತ್ತಾರೆ. ಸೊಂಟದ ಮೂಳೆಯ ಮೇಲಂಚಿನಲ್ಲಿ ಮೂಡುವ ತೆಳು ಪಟ್ಟಿಯನ್ನು ನೋಡಿ 0ಯಿಂದ 5ರವರೆಗೆ ಕೊಡುವ ರಿಸ್ಸರ್ ಅಂಕ ಇದನ್ನೇ ಹೇಳುತ್ತದೆ. ಕೆಲವರು ಕೈಬೆರಳಿನ ಎಕ್ಸ್‌ರೇಯನ್ನೂ ತೆಗೆಸುತ್ತಾರೆ. ನಿಮ್ಮ ಮಗಳಿಗೆ ಇನ್ನೂ ಬೆಳವಣಿಗೆ ಉಳಿದಿದೆ, ಅಂದರೆ ಬಾಗು ಹೆಚ್ಚಲು ಸಮಯವೂ ಉಳಿದಿದೆ.

ಬೆಲ್ಟ್, ಅಂದರೆ ಬ್ರೇಸ್, ಇರುವುದು 25ರಿಂದ 40 ಡಿಗ್ರಿಯ, ಇನ್ನೂ ಬೆಳೆಯುತ್ತಿರುವ ಮಕ್ಕಳಿಗೆ. ಅದು ಬೆನ್ನನ್ನು ನೆಟ್ಟಗೆ ಮಾಡುವುದಿಲ್ಲ, ಹೆಚ್ಚಾಗದಂತೆ ತಡೆಯುತ್ತದೆ. ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬ್ರೇಸ್ ಹಾಕಿದವರಲ್ಲಿ 72 ಶೇಕಡ ಮಕ್ಕಳು 50 ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿಸಿದರು, ಹಾಕದವರಲ್ಲಿ 48 ಶೇಕಡ. ದಿನಕ್ಕೆ 13 ಗಂಟೆಗೂ ಹೆಚ್ಚು ಹಾಕಿದವರಲ್ಲಿ ಯಶಸ್ಸು 90 ಶೇಕಡ ದಾಟಿತ್ತು. ನಿಮ್ಮ ಮಗಳಿಗೆ ಆ ಹಂತ ಕಳೆದಿದೆ. ಯೋಗ ಮಾಡಲಿ, ಸ್ನಾಯು ಗಟ್ಟಿಯಾಗುತ್ತದೆ, ಉಸಿರು ಚೆನ್ನಾಗಿ ಆಡುತ್ತದೆ. ತಿರುಚಿಕೊಂಡ ಮೂಳೆ ಮಾತ್ರ ಹಿಂದಕ್ಕೆ ತಿರುಗುವುದಿಲ್ಲ. ಎಣ್ಣೆ ಹಚ್ಚಿ ಎಳೆದು ಕೂರಿಸುತ್ತೇನೆ ಎನ್ನುವವರ ಬಳಿ ಮಾತ್ರ ಹೋಗಬೇಡಿ.

ಎದೆ ಭಾಗದ ಬಾಗು 50 ಡಿಗ್ರಿ ದಾಟಿದ್ದರೆ ಬೆಳವಣಿಗೆ ನಿಂತ ಮೇಲೂ ವರ್ಷಕ್ಕೆ ಸರಾಸರಿ ಒಂದು ಡಿಗ್ರಿಯಂತೆ ಹೆಚ್ಚುತ್ತಾ ಹೋಗುತ್ತದೆ. 13ರ ಹುಡುಗಿಗೆ 50ರ ವಯಸ್ಸಾಗುವಾಗ ಎಷ್ಟಾದೀತೆಂದು ನೀವೇ ಲೆಕ್ಕ ಹಾಕಿ. ಬಾಗು 30 ಡಿಗ್ರಿಯೊಳಗಿದ್ದರೆ ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತದೆ. ಆಪರೇಷನ್ ಮಾತು 45–50 ಡಿಗ್ರಿಗೆ ಬರುವುದು ಇದೇ ಕಾರಣಕ್ಕೆ. ಹಾಗೆಂದು ಇದು ನಾಳೆಯೇ ಆಗಬೇಕಾದ ತುರ್ತೂ ಅಲ್ಲ. ಪರೀಕ್ಷೆ ಮುಗಿಸಿ ಬೇಸಿಗೆ ರಜೆಗೆ ಇಟ್ಟುಕೊಳ್ಳಬಹುದು. ವರ್ಷಗಟ್ಟಲೆ ಮುಂದೂಡಿದರೆ ಬಾಗು ಬಿಗಿಯಾಗಿ, ಆಪರೇಷನ್ನಿನಲ್ಲಿ ಹೆಚ್ಚು ಮಣಿಗಳನ್ನು ಒಂದಕ್ಕೊಂದು ಬೆಸೆಯಬೇಕಾಗುತ್ತದೆ.

ಪ್ರಶ್ನೆ: ನಮ್ಮ ಹುಡುಗಿಗೂ ಆಪರೇಷನ್ನಿಗೆ ದಿನ ಗೊತ್ತಾಗಿದೆ. ಒಳಗೆ ಏನು ಮಾಡುತ್ತಾರೆ ಎಂದು ಯಾರೂ ಬಿಡಿಸಿ ಹೇಳುತ್ತಿಲ್ಲ. ಕಾಲಿನ ಸ್ವಾಧೀನ ಹೋಗುತ್ತದೆ ಎಂದು ನೆಂಟರೆಲ್ಲ ಹೆದರಿಸುತ್ತಿದ್ದಾರೆ.
(ಒಬ್ಬ ತಂದೆ, ಧಾರವಾಡ)

ಉತ್ತರ: ಮೊದಲು ತಯಾರಿ. ನಿಂತಂತೆ ತೆಗೆದ ಇಡೀ ಬೆನ್ನಿನ ಎಕ್ಸ್‌ರೇ ಎರಡು ದಿಕ್ಕಿನಿಂದ, ಜೊತೆಗೆ ಎಡಕ್ಕೆ ಬಲಕ್ಕೆ ಬಾಗಿಸಿ ತೆಗೆದವು. ಬಾಗಿಸಿದಾಗ ಎಷ್ಟು ಬಿಚ್ಚಿಕೊಳ್ಳುತ್ತದೆ ಎನ್ನುವುದರ ಮೇಲೆ ಎಲ್ಲಿಂದ ಎಲ್ಲಿಯವರೆಗೆ ಬೆಸೆಯಬೇಕೆಂದು ತೀರ್ಮಾನವಾಗುತ್ತದೆ. ಬಹಳಷ್ಟು ಕಡೆ ಎಂಆರ್‌ಐ ಕೂಡ ಮಾಡಿಸುತ್ತಾರೆ. ಎದೆಯ ಬಾಗು ಎಡಕ್ಕಿದ್ದರೆ, ಹೊಟ್ಟೆಯ ಚರ್ಮ ಗೀರಿದಾಗ ಬರಬೇಕಾದ ಸೆಳೆತ ಎರಡು ಕಡೆ ಸಮನಾಗಿಲ್ಲದಿದ್ದರೆ, ಅದನ್ನು ಬಿಡುವಂತೆಯೇ ಇಲ್ಲ. ಬೆನ್ನುಹುರಿಯೊಳಗೆ ನೀರು ತುಂಬಿದ ಕೊಳವೆಯೋ, ಹುರಿ ಕೆಳಗೆ ಕಚ್ಚಿಕೊಂಡಿರುವುದೋ ಇದ್ದು, ಗೊತ್ತಾಗದೆ ಬೆನ್ನು ಎಳೆದರೆ ಅಪಾಯ. ನಮ್ಮಲ್ಲಿ ಈ ವಯಸ್ಸಿನ ಹುಡುಗಿಯರ ಹಿಮೋಗ್ಲೋಬಿನ್ ಕಡಿಮೆ ಇರುವುದು ಮಾಮೂಲಿ. ದಿನಾಂಕ ಇನ್ನೂ ದೂರವಿದ್ದರೆ ಈಗಲೇ ರಕ್ತ ಪರೀಕ್ಷೆ ಮಾಡಿಸಿ, ಕಬ್ಬಿಣದ ಮಾತ್ರೆ ಬೇಕೇ ಎಂದು ಕೇಳಿ. ರಕ್ತ ಹಾಕುವ ಸಂದರ್ಭವೇ ಕಡಿಮೆಯಾಗುತ್ತದೆ.

ಆಪರೇಷನ್ ಟೇಬಲ್ ಮೇಲೆ ಮಗುವನ್ನು ಬೋರಲು ಮಲಗಿಸಿ, ಎದೆ ಮತ್ತು ಸೊಂಟದ ಹತ್ತಿರ ಮಾತ್ರ ಆಸರೆ ಕೊಟ್ಟು ಹೊಟ್ಟೆಯನ್ನು ಖಾಲಿ ಬಿಡುತ್ತಾರೆ. ಹೊಟ್ಟೆ ಒತ್ತಿದರೆ ಬೆನ್ನುಹುರಿಯ ಸುತ್ತಲಿನ ರಕ್ತನಾಳಗಳು ಉಬ್ಬಿ ರಕ್ತಸ್ರಾವ ಹೆಚ್ಚುತ್ತದೆ. ಟ್ರಾನೆಕ್ಸಾಮಿಕ್ ಆಮ್ಲ ಎಂಬ ಔಷಧವೂ ರಕ್ತ ಹೋಗುವುದನ್ನು ಕಡಿಮೆ ಮಾಡುತ್ತದೆ. ಅರಿವಳಿಕೆಯನ್ನು ಅನಿಲದ ಬದಲು ಹೆಚ್ಚಾಗಿ ರಕ್ತನಾಳದ ಮೂಲಕವೇ ಕೊಡುತ್ತಾರೆ, ಯಾಕೆಂದರೆ ಅನಿಲ ಹೆಚ್ಚಾದರೆ ಬೆನ್ನುಹುರಿಯ ಸಂಕೇತಗಳು ಮಂಕಾಗುತ್ತವೆ. ಆ ಸಂಕೇತಗಳೇ ನಿಮ್ಮ ಭಯಕ್ಕೆ ಉತ್ತರ. ತಲೆಯ ಚರ್ಮದಲ್ಲೂ ಕೈಕಾಲಿನ ಸ್ನಾಯುಗಳಲ್ಲೂ ಸಣ್ಣ ಸೂಜಿಗಳನ್ನಿಟ್ಟು, ತಲೆಯಲ್ಲಿ ವಿದ್ಯುತ್ ಮಿಡಿತ ಕೊಟ್ಟರೆ ಕಾಲಿನ ಸ್ನಾಯು ಮಿಡಿಯುತ್ತದೆಯೇ ಎಂದು ಮತ್ತೆ ಮತ್ತೆ ನೋಡುತ್ತಾರೆ. ಪ್ರತಿ ಮಿಡಿತಕ್ಕೂ ದವಡೆ ಕಚ್ಚಿಕೊಳ್ಳುವುದರಿಂದ ನಾಲಿಗೆಗೆ ಗಾಯವಾಗದಂತೆ ಬಾಯಲ್ಲಿ ಬಟ್ಟೆಯ ಸುರುಳಿ ಇಟ್ಟಿರುತ್ತಾರೆ. ಎದ್ದ ಮೇಲೆ ನಾಲಿಗೆ ಸ್ವಲ್ಪ ಕಚ್ಚಿಕೊಂಡಿದ್ದರೆ ಗಾಬರಿ ಬೇಡ.

ಬೆನ್ನಿನ ನಡುಗೆರೆಯಲ್ಲಿ ಕೊಯ್ದು, ಸ್ನಾಯುಗಳನ್ನು ಮೂಳೆಯಿಂದ ಎರಡೂ ಪಕ್ಕಕ್ಕೆ ಸರಿಸುತ್ತಾರೆ. ಮಣಿಮಣಿಗಳ ನಡುವಿನ ಸಣ್ಣ ಕೀಲುಗಳ ಭಾಗ ತೆಗೆದಾಗ ಬೆನ್ನು ಸಡಿಲವಾಗುತ್ತದೆ. ಆಮೇಲೆ ಸ್ಕ್ರೂ. ಪ್ರತಿ ಮಣಿಯ ಹಿಂಭಾಗವನ್ನೂ ಮುಂಭಾಗವನ್ನೂ ಜೋಡಿಸುವ ಪೆಡಿಕಲ್ ಎಂಬ ಸಣ್ಣ ಕಂಬದೊಳಗೆ ಅದು ಇಳಿಯಬೇಕು. ಬಾಗಿನ ಒಳಬದಿಯಲ್ಲಿ, ನಟ್ಟನಡುವಿನ ಮಣಿಗಳಲ್ಲಿ, ಈ ಕಂಬದ ದಪ್ಪ ಕೆಲವೊಮ್ಮೆ 4 ಮಿಲಿಮೀಟರ್ ಕೂಡ ಇರುವುದಿಲ್ಲ, ಮೇಲಾಗಿ ಬೆನ್ನುಹುರಿಯೂ ಅದೇ ಗೋಡೆಗೆ ಒರಗಿಕೊಂಡಿರುತ್ತದೆ. ಇಡೀ ಆಪರೇಷನ್ನಿನಲ್ಲಿ ಕೈ ಅತಿ ನಿಧಾನವಾಗುವುದು ಇಲ್ಲೇ. ರಂಧ್ರ ಮಾಡಿ, ತುದಿಯಲ್ಲಿ ಗುಂಡಿರುವ ತಂತಿಯಿಂದ ನಾಲ್ಕು ಗೋಡೆಯನ್ನೂ ತಳವನ್ನೂ ತಡವಿ, ಎಲ್ಲೂ ಒಡೆದಿಲ್ಲವೆಂದು ಖಾತ್ರಿಯಾದ ಮೇಲೆ ಸ್ಕ್ರೂ ಹಾಕುತ್ತಾರೆ. ಕಂಬ ತೀರಾ ಸಣ್ಣದಾದರೆ ಆ ಮಣಿಯನ್ನು ಬಿಟ್ಟುಬಿಡುವುದೇ ಜಾಣತನ. ಎಲ್ಲ ಮಣಿಗೂ ಸ್ಕ್ರೂ ಬೇಕೆಂದೇನಿಲ್ಲ.

ಸಾಮಾನ್ಯವಾಗಿ 5.5 ಮಿಲಿಮೀಟರ್ ದಪ್ಪದ ಟೈಟಾನಿಯಂ ಅಥವಾ ಕೋಬಾಲ್ಟ್ ಕ್ರೋಮಿಯಂ ರಾಡನ್ನು, ಪಕ್ಕದಿಂದ ನೋಡಿದಾಗ ಬೆನ್ನಿಗೆ ಇರಬೇಕಾದ ಸಹಜ ಬಾಗಿಗೆ ತಕ್ಕಂತೆ ಬಗ್ಗಿಸಿ, ಒಳಬದಿಯ ಸ್ಕ್ರೂಗಳ ತಲೆಗೆ ಕೂರಿಸಿ ತಿರುಗಿಸುತ್ತಾರೆ. ಪಕ್ಕಕ್ಕಿದ್ದ ಬಾಗು ಹಿಂದಕ್ಕೆ ಹೊರಳುತ್ತದೆ, ತಿರುಚಿಕೊಂಡ ಮಣಿಗಳನ್ನು ಸ್ಕ್ರೂ ಹಿಡಿದು ಎದುರು ದಿಕ್ಕಿಗೆ ತಿರುಗಿಸುತ್ತಾರೆ. ಎರಡನೆಯ ರಾಡ್ ಕೂರಿಸಿದ ಮೇಲೆ, ಮೂಳೆಯ ಮೇಲ್ಪದರ ಕೆರೆದು, ಅಲ್ಲೇ ತೆಗೆದಿಟ್ಟ ಮೂಳೆಯ ಚೂರುಗಳನ್ನು ಹರಡುತ್ತಾರೆ. ಕೊನೆಯಲ್ಲಿ ಬಹಳ ಕಡೆ ಸೋಂಕು ತಡೆಯುವ ವ್ಯಾಂಕೊಮೈಸಿನ್ ಪುಡಿ ಉದುರಿಸಿ ಹೊಲಿಯುತ್ತಾರೆ. ಒಟ್ಟು ನಾಲ್ಕರಿಂದ ಆರು ಗಂಟೆ.

ಬೆನ್ನನ್ನು ಕಾಲಾಂತರದಲ್ಲಿ ಹಿಡಿದಿಡುವುದು ರಾಡ್ ಅಲ್ಲ, ಆ ಮೂಳೆ ಚೂರುಗಳು. ಆರು ತಿಂಗಳಿಂದ ವರ್ಷದೊಳಗೆ ಅವು ಕೂಡಿಕೊಂಡು ಒಂದೇ ಮೂಳೆಯಾಗಬೇಕು. ಆರ್‌ಸಿಸಿ ಗಟ್ಟಿಯಾಗುವವರೆಗೆ ಸೆಂಟ್ರಿಂಗ್ ಇರುವ ಹಾಗೆ ರಾಡ್ ಇರುತ್ತದೆ, ಆದರೆ ಇಲ್ಲಿ ಸೆಂಟ್ರಿಂಗ್ ಬಿಚ್ಚುವುದಿಲ್ಲ. ಎಲ್ಲೋ ಒಂದು ಕಡೆ ಮೂಳೆ ಕೂಡಲಿಲ್ಲವೆಂದರೆ ಆ ಜಾಗದಲ್ಲಿ ರಾಡ್ ಮತ್ತೆ ಮತ್ತೆ ಬಳುಕಿ, ವರ್ಷಗಳ ನಂತರ ಮುರಿಯುತ್ತದೆ. ಎಷ್ಟೋ ದಿನ ಆರಾಮಾಗಿದ್ದವರಿಗೆ ಒಂದೇ ಜಾಗದಲ್ಲಿ ಹೊಸದಾಗಿ ನೋವು ಶುರುವಾದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಈಗ ಸ್ವಾಧೀನದ ಮಾತು. ಬೇರೆ ಕಾಯಿಲೆಯಿಲ್ಲದ ಹದಿಹರೆಯದವರಲ್ಲಿ ನರಕ್ಕೆ ಪೆಟ್ಟಾಗುವುದು ನೂರಕ್ಕೆ ಒಂದರ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ, ಅದರಲ್ಲೂ ಅನೇಕರು ಚೇತರಿಸಿಕೊಳ್ಳುತ್ತಾರೆ. ಹೆಚ್ಚಿನ ಸಲ ಕಾರಣ ಸ್ಕ್ರೂ ಚುಚ್ಚಿದ್ದಲ್ಲ, ಬೆನ್ನನ್ನು ಎಳೆದಾಗ ಬೆನ್ನುಹುರಿಗೆ ರಕ್ತ ಕಡಿಮೆಯಾದದ್ದು. ಸಂಕೇತ ಕುಂದಿದರೆ ಮಾಡುವ ಕೆಲಸಗಳಿಗೆ ಕ್ರಮವಿದೆ. ಕೈ ನಿಲ್ಲಿಸಿ, ಸರಾಸರಿ ರಕ್ತದೊತ್ತಡವನ್ನು 80–85ಕ್ಕಿಂತ ಮೇಲೇರಿಸಿ, ಹಿಮೋಗ್ಲೋಬಿನ್, ಮೈಶಾಖ, ಸೂಜಿಗಳ ಸಂಪರ್ಕ ನೋಡುತ್ತಾರೆ. ಅಷ್ಟಕ್ಕೂ ಮರಳದಿದ್ದರೆ ಸರಿಪಡಿಸಿದ್ದನ್ನು ಸಡಿಲಿಸುತ್ತಾರೆ, ಬೇಕಾದರೆ ರಾಡನ್ನೇ ತೆಗೆಯುತ್ತಾರೆ. ಇನ್ನೂ ಅನುಮಾನವಿದ್ದರೆ ಅರಿವಳಿಕೆ ತಗ್ಗಿಸಿ ಮಗುವನ್ನು ಅರೆ ಎಚ್ಚರಕ್ಕೆ ತಂದು ಪಾದ ಅಲ್ಲಾಡಿಸಲು ಹೇಳುವುದೂ ಉಂಟು. ಫ್ರಾನ್ಸಿನ ಸ್ಟಾನ್ಯಾರಾ ಮತ್ತು ವೋಜೆಲ್ 1973ರಲ್ಲಿ ವಿವರಿಸಿದ ಈ ಪರೀಕ್ಷೆ ಯಂತ್ರಗಳೆಲ್ಲ ಬಂದ ಮೇಲೂ ಬಳಕೆಯಲ್ಲಿದೆ. ಹಾಗಾಗಿ ನಿಮ್ಮ ಸರ್ಜನ್‌ಗೆ ಒಂದು ಪ್ರಶ್ನೆ ತಪ್ಪದೆ ಕೇಳಿ: ನ್ಯೂರೋಮಾನಿಟರಿಂಗ್, ಅಂದರೆ ಬೆನ್ನುಹುರಿಯ ಸಂಕೇತ ನೋಡುವ ಈ ವ್ಯವಸ್ಥೆ, ಇದೆಯೇ, ಅದನ್ನು ನೋಡಲು ಪ್ರತ್ಯೇಕ ವ್ಯಕ್ತಿ ಇರುತ್ತಾರೆಯೇ? ಇಲ್ಲ ಎಂದರೆ ಇರುವ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: 58 ಡಿಗ್ರಿ ಇದ್ದದ್ದು ಆಪರೇಷನ್ ಆದ ಮೇಲೆ 20 ಉಳಿದಿದೆ. ಪೂರ್ತಿ ನೆಟ್ಟಗೆ ಮಾಡಬಹುದಿತ್ತಲ್ಲವೇ?
(ಓದುಗರು, ತುಮಕೂರು)

ಉತ್ತರ: ಒಳ್ಳೆಯ ಕೆಲಸವೇ ಆಗಿದೆ. ಗುರಿ ಸೊನ್ನೆ ಡಿಗ್ರಿಯಲ್ಲ. ತಲೆ ಸೊಂಟದ ಮಧ್ಯಕ್ಕೆ ಬರಬೇಕು, ಭುಜಗಳು ಸಮನಾಗಬೇಕು, ಬಾಗು ಮುಂದೆ ಹೆಚ್ಚದಂತೆ ಬೆಸುಗೆ ಹಿಡಿಯಬೇಕು. ಎದೆಯ ಮುಖ್ಯ ಬಾಗನ್ನು ಹಟ ಹಿಡಿದು ನೆಟ್ಟಗೆ ಮಾಡಿದರೆ ಮೇಲಿನ ಸಣ್ಣ ಬಾಗು ಹಾಗೇ ಉಳಿದು ಎಡ ಭುಜ ಎದ್ದು ನಿಲ್ಲಬಹುದು. ಬೆಸೆಯದೆ ಬಿಟ್ಟ ಸೊಂಟದ ಬಾಗು ಅಷ್ಟಕ್ಕೆ ಹೊಂದಿಕೊಳ್ಳದೆ ಇಡೀ ಮೈ ಒಂದು ಕಡೆ ವಾಲಬಹುದು. ಎಕ್ಸ್‌ರೇ ಚೆಂದ, ಹುಡುಗಿ ಓರೆ ಎಂಬಂತಾಗುತ್ತದೆ.

ಹಳೆಯ ಕಾಲದ ಪಾಠವೂ ಇಲ್ಲಿದೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಪೋಲಿಯೋ ಮಕ್ಕಳಿಗಾಗಿ ಪಾಲ್ ಹ್ಯಾರಿಂಗ್ಟನ್ ರೂಪಿಸಿ 1962ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಒಂದು ನೇರ ರಾಡ್, ಎರಡು ತುದಿಗೆ ಎರಡು ಕೊಕ್ಕೆ, ನಡುವೆ ಎಳೆತ, ಆಮೇಲೆ ತಿಂಗಳುಗಟ್ಟಲೆ ಪ್ಲಾಸ್ಟರ್. ಪಕ್ಕದ ಬಾಗೇನೋ ಕಡಿಮೆಯಾಯಿತು, ಆದರೆ ಸೊಂಟದ ಸಹಜ ಒಳಬಾಗೂ ಚಪ್ಪಟೆಯಾಯಿತು. ಅಂಥವರಲ್ಲಿ ಹಲವರು ನಡುವಯಸ್ಸಿಗೆ ಮುಂದಕ್ಕೆ ಬಾಗಿ, ಮಂಡಿ ಮಡಿಸಿ ನಿಲ್ಲುವಂತಾಯಿತು. 1980ರ ದಶಕದಲ್ಲಿ ಫ್ರಾನ್ಸಿನ ಕೊಟ್ರೆಲ್ ಮತ್ತು ಡುಬೂಸೆ ರಾಡ್ ತಿರುಗಿಸುವ ಉಪಾಯ ತಂದರು. ಎದೆಯ ಮಣಿಗಳಿಗೂ ಪೆಡಿಕಲ್ ಸ್ಕ್ರೂ ಹಾಕುವುದನ್ನು 1990ರ ದಶಕದಲ್ಲಿ ಕೊರಿಯಾದ ಸುಕ್ ರೂಢಿಗೆ ತಂದರು. ಪಕ್ಕದಿಂದ ನೋಡುವ ಎಕ್ಸ್‌ರೇಗೆ ಈಗ ಅಷ್ಟು ಬೆಲೆ ಬಂದಿರುವುದು ಆ ಚಪ್ಪಟೆ ಬೆನ್ನುಗಳ ದೆಸೆಯಿಂದ.

ಪ್ರಶ್ನೆ: ನಾನು ಭರತನಾಟ್ಯ ಸೀನಿಯರ್‌ಗೆ ಕಟ್ಟಿದ್ದೆ. ಆಪರೇಷನ್ ಆದ ಮೇಲೆ ಕುಣಿಯಬಹುದೇ? ಊರಿನ ಮನೆಯಲ್ಲಿ ಕುಕ್ಕರುಗಾಲಲ್ಲಿ ಕೂರುವ ಕಕ್ಕಸು ಇದೆ, ಅದು?
(16 ವರ್ಷದ ವಿದ್ಯಾರ್ಥಿನಿ, ಉಡುಪಿ ಜಿಲ್ಲೆ)

ಉತ್ತರ: ಅರಮಂಡಿ ನಿಲ್ಲುವುದು ಸೊಂಟದ ಕೀಲು ಮತ್ತು ಮಂಡಿಯ ಕೆಲಸ. ಅವುಗಳಿಗೆ ಏನೂ ಆಗಿರುವುದಿಲ್ಲ. ಕುಕ್ಕರುಗಾಲಲ್ಲಿ ಕೂರುವುದೂ ಹಾಗೆಯೇ. ಕಡಿಮೆಯಾಗುವುದು ಪಕ್ಕಕ್ಕೆ ಬಳುಕುವುದು, ಬೆನ್ನು ಹಿಂದಕ್ಕೆ ಬಿಲ್ಲಾಗುವುದು. ಎಷ್ಟು ಕಡಿಮೆ ಎನ್ನುವುದು ಕೊನೆಯ ಸ್ಕ್ರೂ ಯಾವ ಮಣಿಗೆ ಬಿದ್ದಿದೆ ಎಂಬುದನ್ನು ಅವಲಂಬಿಸಿದೆ. ಎದೆಯ ಮಣಿಗಳು ಮೊದಲೇ ಹೆಚ್ಚು ಬಾಗುವವಲ್ಲ, ಹಾಗಾಗಿ ಸೊಂಟದ ಮೊದಲ ಅಥವಾ ಎರಡನೆಯ ಮಣಿಗೆ ನಿಂತರೆ ನೋಡುವವರಿಗೆ ಗೊತ್ತಾಗುವುದು ಕಷ್ಟ. ನಾಲ್ಕನೆಯ ಮಣಿಗೆ ಇಳಿದರೆ ನಿಮಗೇ ಗೊತ್ತಾಗುತ್ತದೆ, ಉಳಿದ ಒಂದೆರಡು ಕೀಲುಗಳ ಮೇಲೆ ಭಾರವೂ ಹೆಚ್ಚುತ್ತದೆ. ನೃತ್ಯ ಮಾಡುತ್ತೀರಿ ಎಂಬುದನ್ನು ಆಪರೇಷನ್ನಿಗೆ ಮುಂಚೆಯೇ ಸರ್ಜನ್ ಕಿವಿಗೆ ಹಾಕಿ, ಒಂದು ಮಣಿ ಉಳಿಸುವ ಯೋಚನೆಗೆ ಅದು ಕಾರಣವಾದೀತು.

ಮರುದಿನ ಕೂರಿಸಿ, ಒಂದೆರಡು ದಿನದಲ್ಲಿ ನಡೆಸುತ್ತಾರೆ. ಆಸ್ಪತ್ರೆಯಲ್ಲಿ ನಾಲ್ಕರಿಂದ ಆರು ದಿನ. ನೋವಿನ ಔಷಧದಿಂದ ಮಲಬದ್ಧತೆ ಖಂಡಿತ, ಮೊದಲ ದಿನದಿಂದಲೇ ಅದಕ್ಕೆ ಔಷಧ ಕೇಳಿ ತೆಗೆದುಕೊಳ್ಳಿ. ಶಾಲೆಗೆ ನಾಲ್ಕರಿಂದ ಆರು ವಾರ. ನೀರಿನ ಕೊಡ, ತುಂಬಿದ ಬ್ಯಾಗು ಮೂರು ತಿಂಗಳು ಬೇಡ. ನೃತ್ಯ ಸಾಮಾನ್ಯವಾಗಿ ಆರು ತಿಂಗಳ ಎಕ್ಸ್‌ರೇ ನೋಡಿದ ಮೇಲೆ, ಮೊದಲು ಹಸ್ತ ಅಭಿನಯ, ಆಮೇಲೆ ಅಡವು. ಕಬಡ್ಡಿಯಂಥ ಆಟ ಇನ್ನೂ ತಡವಾಗಿ. ಒಂದು ಎಚ್ಚರಿಕೆ: ತೀರಾ ತೆಳ್ಳಗಿದ್ದು, ಆಪರೇಷನ್ ಆಗಿ ಕೆಲವು ದಿನಕ್ಕೆ ಹಸಿರು ವಾಂತಿ ಬಿಡದೆ ಶುರುವಾದರೆ ಔಷಧದ ವಾಂತಿ ಎಂದು ಮನೆಯಲ್ಲಿ ಕೂರಬೇಡಿ. ಬೆನ್ನು ಉದ್ದವಾದಾಗ ಸಣ್ಣ ಕರುಳಿನ ಆರಂಭದ ಭಾಗ ಎರಡು ರಕ್ತನಾಳಗಳ ನಡುವೆ ಸಿಕ್ಕಿಕೊಂಡಿರಬಹುದು. ಮೂಗಿನ ನಳಿಕೆ, ಪೋಷಣೆಯಲ್ಲಿ ಹೆಚ್ಚಿನವರಿಗೆ ಸರಿಹೋಗುತ್ತದೆ, ಆದರೆ ಆಸ್ಪತ್ರೆಯಲ್ಲೇ ಆಗಬೇಕು. ಗಾಯದಿಂದ ದ್ರವ ಒಸರಿದರೂ ತಡಮಾಡಬೇಡಿ.

ಪ್ರಶ್ನೆ: ಮೂರು ವರ್ಷದ ಮೊಮ್ಮಗನಿಗೆ ಹುಟ್ಟಿನಿಂದಲೇ ಒಂದು ಮಣಿ ಅರ್ಧ ಮಾತ್ರ ಇದೆಯಂತೆ. ಬಸುರಿಯಲ್ಲಿ ಸೊಸೆ ಗ್ರಹಣದ ದಿನ ಹೊರಗೆ ಹೋಗಿದ್ದಳು. ಇಷ್ಟು ಚಿಕ್ಕವನಿಗೆ ಆಪರೇಷನ್ನೇ?
(ಒಬ್ಬ ಅಜ್ಜಿ, ಹಾಸನ)

ಉತ್ತರ: ಗ್ರಹಣವನ್ನೂ ಸೊಸೆಯನ್ನೂ ಬಿಟ್ಟುಬಿಡಿ. ಮಣಿಗಳು ರೂಪುಗೊಳ್ಳುವುದು ಬಸಿರಿನ ಮೊದಲ ಎರಡು ತಿಂಗಳೊಳಗೆ, ಎಷ್ಟೋ ಸಲ ತಾಯಿಗೆ ಬಸುರಿ ಎಂದು ಗೊತ್ತಾಗುವ ಹೊತ್ತಿಗೆ. ಅದೇ ವಾರಗಳಲ್ಲಿ ಮೂತ್ರಪಿಂಡ ಮತ್ತು ಹೃದಯವೂ ರೂಪುಗೊಳ್ಳುವುದರಿಂದ ಕಿಡ್ನಿಯ ಸ್ಕ್ಯಾನ್, ಹೃದಯದ ಎಕೋ, ಬೆನ್ನುಹುರಿಯ ಎಂಆರ್‌ಐ ಮೂರೂ ಆಗಲೇಬೇಕು.

ಅರ್ಧ ಮಣಿ ಎಂದರೆ ಒಂದು ಪಕ್ಕ ಬೆಳೆಯುತ್ತದೆ, ಇನ್ನೊಂದು ಪಕ್ಕ ಇಲ್ಲ. ಮೇಲೆ ಕೆಳಗಿನ ಮಣಿಗಳಿಗೆ ಅಂಟಿಕೊಂಡಿದ್ದರೆ ಅದು ಸುಮ್ಮನಿರಲೂಬಹುದು. ಎರಡೂ ಕಡೆ ಡಿಸ್ಕ್ ಇದ್ದು ಬಿಡಿಯಾಗಿದ್ದರೆ ಬಾಗು ಹೆಚ್ಚುತ್ತದೆ. ಎದುರು ಪಕ್ಕದಲ್ಲಿ ಮಣಿಗಳು ಮೂಳೆಯ ಪಟ್ಟಿಯಿಂದ ಬೆಸೆದುಕೊಂಡಿದ್ದರೆ ಅತಿ ಕೆಟ್ಟದು, ಕಾಯಬಾರದು. ಇಂಥಲ್ಲಿ ಚಿಕ್ಕ ವಯಸ್ಸೇ ಅನುಕೂಲ: ಆ ಅರ್ಧ ಮಣಿಯನ್ನು ತೆಗೆದು ಮೇಲೊಂದು ಕೆಳಗೊಂದು ಮಣಿಯನ್ನು ಸ್ಕ್ರೂ ಹಾಕಿ ಸೇರಿಸಿದರೆ ಉಳಿದ ಬೆನ್ನು ತನ್ನ ಪಾಡಿಗೆ ಬೆಳೆಯುತ್ತದೆ. ಐದಾರು ವರ್ಷ ಕಾದರೆ ಅಕ್ಕಪಕ್ಕದ ಒಳ್ಳೆಯ ಮಣಿಗಳೂ ಓರೆಯಾಗಿ, ಅವನ್ನೂ ಬೆಸೆಯಬೇಕಾಗುತ್ತದೆ.

ಬಾಗು ಉದ್ದಕ್ಕೂ ಹರಡಿಕೊಂಡಿದ್ದರೆ ಲೆಕ್ಕ ಬೇರೆ. ಚಿಕ್ಕ ಮಗುವಿನ ಎದೆಯ ಬೆನ್ನನ್ನು ಪೂರ್ತಿ ಬೆಸೆದರೆ ಎದೆಗೂಡೇ ಬೆಳೆಯದೆ ಶ್ವಾಸಕೋಶಕ್ಕೆ ಜಾಗ ಸಾಲದು. ಅಲ್ಲಿ ಎರಡು ತುದಿ ಮಾತ್ರ ಹಿಡಿದು ನಡುವೆ ಉದ್ದ ಮಾಡುತ್ತಾ ಹೋಗುವ ಬೆಳೆಯುವ ರಾಡ್ ಹಾಕುತ್ತಾರೆ. ಸುಮಾರು ಆರು ತಿಂಗಳಿಗೊಮ್ಮೆ ಸಣ್ಣ ಆಪರೇಷನ್, ಅಥವಾ ಮೈಹೊರಗಿನಿಂದ ಅಯಸ್ಕಾಂತದಲ್ಲಿ ಉದ್ದ ಮಾಡುವ ಬಗೆ. ರಾಡ್ ಮುರಿಯುವುದು, ಸ್ಕ್ರೂ ಸಡಿಲವಾಗುವುದು, ಸೋಂಕು ಇವೆಲ್ಲ ಈ ದಾರಿಯಲ್ಲಿ ಅಪರೂಪವಲ್ಲ. ಆಸ್ಪತ್ರೆಗೆ ವರ್ಷಗಳ ಓಡಾಟವಿರುತ್ತದೆ ಎಂದು ಮನೆಯವರೆಲ್ಲ ಮೊದಲೇ ತಿಳಿದಿರಬೇಕು.

ಪ್ರಶ್ನೆ: ನನಗೆ 38. ಚಿಕ್ಕವನಿದ್ದಾಗ ಬೆನ್ನಿಗೆ ಟಿಬಿ ಆಗಿ ಗೂನು ಉಳಿದಿದೆ. ಕಾಯಿಲೆ ವಾಸಿಯಾಗಿ ಎಷ್ಟೋ ವರ್ಷವಾಯಿತು. ಈಚೆಗೆ ನಡೆಯುವಾಗ ಕಾಲು ಬಿಗಿಯುತ್ತದೆ, ಚಪ್ಪಲಿ ಕಳಚಿಹೋದರೂ ಗೊತ್ತಾಗುವುದಿಲ್ಲ.
(ಓದುಗರು, ರಾಯಚೂರು ಜಿಲ್ಲೆ)

ಉತ್ತರ: ಈ ವಾರವೇ ಬೆನ್ನುಮೂಳೆ ತಜ್ಞರಿಗೆ ತೋರಿಸಿ, ಎಂಆರ್‌ಐ ಮಾಡಿಸಿ. ಚಪ್ಪಲಿ ಜಾರುವುದು ಬೆನ್ನುಹುರಿ ಒತ್ತುತ್ತಿರುವ ಲಕ್ಷಣ. ಮೂತ್ರ ತಡೆಯಲಾಗದಿದ್ದರೆ ಅಥವಾ ಶುರುವಾಗಲು ಹೊತ್ತು ಹಿಡಿದರೆ ಇನ್ನೂ ಬೇಗ. ಟಿಬಿಯಲ್ಲಿ ಮಣಿಯ ಮುಂಭಾಗ ಕರಗಿ ಬೆನ್ನು ಮುಂದಕ್ಕೆ ಮಡಚಿಕೊಳ್ಳುತ್ತದೆ. ಒಳಗೆ ಉಳಿದ ಮೂಳೆಯ ಏಣಿನ ಮೇಲೆ ಬೆನ್ನುಹುರಿ ಹತ್ತಾರು ವರ್ಷ ಹಿಗ್ಗಿಕೊಂಡೇ ಇದ್ದು, ಒಂದು ದಿನ ಸೋಲುತ್ತದೆ. ರೋಗ ಮತ್ತೆ ಕೆರಳಿರುವುದೂ ಸಾಧ್ಯ, ಅದನ್ನು ಎಂಆರ್‌ಐ ಮತ್ತು ಬೇಕಾದರೆ ಬಯಾಪ್ಸಿ ಹೇಳುತ್ತವೆ. ಕೆರಳಿದ್ದರೆ ಮಾತ್ರೆಯಿಂದಲೇ ಒತ್ತಡ ಇಳಿಯುವ ಅವಕಾಶ ಚೆನ್ನಾಗಿದೆ. ಮೂಳೆಯ ಏಣೇ ಒತ್ತುತ್ತಿದ್ದರೆ ಮಾತ್ರೆಗೆ ಅಲ್ಲಿ ಕೆಲಸವಿಲ್ಲ.

ಆಪರೇಷನ್ ಹುಡುಗಿಯರ ಸ್ಕೋಲಿಯೋಸಿಸ್‌ನಂತಲ್ಲ. ಗೂನಿನ ತುದಿಯ ಮಣಿಯನ್ನೇ ಬೆನ್ನುಹುರಿಯ ಸುತ್ತಲಿಂದ ತೆಗೆದು, ಹಿಂಭಾಗ ಮುಚ್ಚಿ, ಮುಂದೆ ಉಳಿದ ಖಾಲಿ ಜಾಗಕ್ಕೆ ಲೋಹದ ಪಂಜರ ಕೂರಿಸುತ್ತಾರೆ. ಹಿಂಭಾಗವನ್ನು ಮಾತ್ರ ಮುಚ್ಚುತ್ತಾ ಹೋದರೆ ಬೆನ್ನುಹುರಿ ಸುಕ್ಕುಗಟ್ಟಿ ಒತ್ತಿಕೊಳ್ಳುತ್ತದೆ, ಅದಕ್ಕೇ ಮುಂದೆ ತೆರೆಯುವುದು. ಮಣಿ ತೆಗೆದ ಕ್ಷಣದಿಂದ ಬೆನ್ನು ಎರಡು ತುಂಡಾಗಿರುವುದರಿಂದ ಒಂದು ಪಕ್ಕದಲ್ಲಿ ತಾತ್ಕಾಲಿಕ ರಾಡ್ ಇರಲೇಬೇಕು. ನರಕ್ಕೆ ಅಪಾಯ ಹದಿಹರೆಯದವರ ಆಪರೇಷನ್ನಿಗಿಂತ ಹಲವು ಪಟ್ಟು. ಗೂನು ಹೋಗಿಸುವ ಆಸೆಗೆ ಒಪ್ಪಬೇಡಿ, ನಡಿಗೆ ಉಳಿಸಲು ಒಪ್ಪಿ. ಕೆಲವರಿಗೆ ಗೂನನ್ನು ಹಾಗೇ ಬಿಟ್ಟು ಒತ್ತಡ ತೆಗೆಯುವುದಷ್ಟೇ ಸರಿಯಾದ ದಾರಿ.

ಮನೆಯಲ್ಲಿ ಬೆನ್ನಿನ ಟಿಬಿ ಆದ ಮಕ್ಕಳಿದ್ದರೆ ಇದನ್ನೂ ಓದಿಕೊಳ್ಳಲಿ. ಮಾತ್ರೆ ಮುಗಿದ ಮೇಲೂ ಮಕ್ಕಳಲ್ಲಿ ಗೂನು ಬೆಳೆಯುತ್ತಾ ಹೋಗಬಹುದು. ಯಾರಲ್ಲಿ ಹೀಗಾಗುತ್ತದೆ ಎಂದು ಮೊದಲೇ ತಿಳಿಯಲು ಎಕ್ಸ್‌ರೇಯಲ್ಲಿ ನೋಡಬೇಕಾದ ನಾಲ್ಕು ಗುರುತುಗಳನ್ನು ಕೊಯಮತ್ತೂರಿನ ಡಾ. ಎಸ್. ರಾಜಶೇಖರನ್ ತೋರಿಸಿಕೊಟ್ಟಿದ್ದಾರೆ: ಹಿಂದಿನ ಕೀಲು ಬಿಟ್ಟುಕೊಳ್ಳುವುದು, ಮಣಿ ಹಿಂದಕ್ಕೆ ತಳ್ಳಿಕೊಳ್ಳುವುದು, ಪಕ್ಕಕ್ಕೆ ಸರಿಯುವುದು, ಮೇಲಿನ ಮಣಿ ಮುಂದಕ್ಕೆ ಉರುಳುವುದು. ಎರಡಕ್ಕಿಂತ ಹೆಚ್ಚು ಕಂಡರೆ ಗೂನು ದೊಡ್ಡದಾಗುವ ಮೊದಲೇ ಬೆಸೆಯುವುದು ಲೇಸು. ಬೆಳವಣಿಗೆ ಮುಗಿಯುವವರೆಗೆ ವರ್ಷಕ್ಕೊಂದು ಎಕ್ಸ್‌ರೇ ತಪ್ಪಿಸಬೇಡಿ.

ಪ್ರಶ್ನೆ: ಖರ್ಚು ಎಲ್ಲಿ ಹೋಗುತ್ತದೆ? ಸರ್ಕಾರದ ಕಾರ್ಡ್ ನಡೆಯುತ್ತದೆಯೇ?
(ಓದುಗರು, ಚಿತ್ರದುರ್ಗ)

ಉತ್ತರ: ಬಿಲ್ಲಿನ ದೊಡ್ಡ ಪಾಲು ಸ್ಕ್ರೂ ರಾಡುಗಳದು. ಎಷ್ಟು ಸ್ಕ್ರೂ, ಯಾವ ಕಂಪನಿಯದು, ಒಂದಕ್ಕೆ ಎಷ್ಟು ಎಂದು ಬರವಣಿಗೆಯಲ್ಲಿ ಕೇಳಿ, ಕೇಳುವ ಹಕ್ಕು ನಿಮಗಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ, ಉಳಿದವರಿಗೆ ಪ್ಯಾಕೇಜ್ ದರದ 30 ಶೇಕಡ, ವರ್ಷಕ್ಕೆ 1.5 ಲಕ್ಷದವರೆಗೆ ನೆರವಿದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮತ್ತು ಮುಂಗಡ ಮಂಜೂರಾತಿ ಎರಡೂ ದಾಖಲಾಗುವ ಮೊದಲೇ ಕೈಯಲ್ಲಿರಲಿ. ಪ್ಯಾಕೇಜಿನಲ್ಲಿ ಇಂಪ್ಲಾಂಟ್ ಸೇರಿದೆಯೇ ಎಂದು ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ವಿಚಾರಿಸಿ.

ಪ್ರಶ್ನೆ: ಏಳು ವರ್ಷದ ಹಿಂದೆ ಆಪರೇಷನ್ ಆಗಿದೆ, ಈಗ ಮದುವೆ ಗೊತ್ತಾಗಿದೆ. ಬಸಿರು, ಹೆರಿಗೆಗೆ ತೊಂದರೆಯೇ?
(ಓದುಗರು, ಬೆಂಗಳೂರು)

ಉತ್ತರ: ತೊಂದರೆಯಿಲ್ಲ. ಸಹಜ ಹೆರಿಗೆಯೂ ಆಗುತ್ತದೆ, ರಾಡ್ ಇದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ತೊಡಕು ಬರುವುದು ಬೆನ್ನಿಗೆ ಕೊಡುವ ಅರಿವಳಿಕೆ ಚುಚ್ಚುಮದ್ದಿಗೆ. ಬೆಸುಗೆ ಸೊಂಟದ ಕೆಳಗಿನ ಮಣಿಗಳವರೆಗೆ ಇಳಿದಿದ್ದರೆ ಸೂಜಿಗೆ ಜಾಗ ಸಿಗದಿರಬಹುದು, ಔಷಧ ಒಂದೇ ಪಕ್ಕಕ್ಕೆ ಹರಡಬಹುದು. ಏಳನೆಯ ತಿಂಗಳ ಹೊತ್ತಿಗೆ ಅರಿವಳಿಕೆ ವೈದ್ಯರನ್ನು ಒಮ್ಮೆ ಕಂಡು, ಡಿಸ್ಚಾರ್ಜ್ ಸಾರಾಂಶ, ಇಂಪ್ಲಾಂಟ್ ಸ್ಟಿಕ್ಕರಿನ ಪ್ರತಿ, ಆಪರೇಷನ್ ನಂತರದ ಎಕ್ಸ್‌ರೇ ಮೂರನ್ನೂ ತೋರಿಸಿ. ಬಸಿರಿನಲ್ಲಿ ಹೊಸ ಎಕ್ಸ್‌ರೇ ತೆಗೆಸುವ ಗೋಜು ತಪ್ಪುತ್ತದೆ. ಈ ಮೂರರ ಫೋಟೋ ಫೋನಿನಲ್ಲೂ ಇರಲಿ.